ಜೀವನಪರ್ಯಂತದ ಸದಸ್ಯರು

ಸಂಜೆಯಾಗುತ್ತಿದ್ದಂತೆ ಬಣ್ಣದಂಗಡಿಯ ಮೇಲಿನ ಮಹಡಿ ನಡುಗಲು ಶುರುವಾಗುತ್ತಿತ್ತು. ಕಬ್ಬಿಣದ ತಟ್ಟೆಗಳು ನೆಲಕ್ಕೆ ಬೀಳುವ ಸದ್ದು, ಟ್ರೆಡ್‌ಮಿಲ್ಲಿನ ಮೇಲೆ ಓಡುವವರ ದಬದಬ, ಅದೆಲ್ಲವನ್ನೂ ಮುಳುಗಿಸುವ ಹಾಡು. ರಸ್ತೆಯಲ್ಲಿ ಹೋಗುವವರು ತಲೆಯೆತ್ತಿದರೆ ಗಾಜಿನ ಹಿಂದೆ ಬೆವರಿದ ಬೆನ್ನುಗಳ ಸಾಲು ಕಾಣುತ್ತಿತ್ತು. ಎದುರು ಗೋಡೆಗೆ ಪೂರ್ತಿ ಕನ್ನಡಿ ಹಾಕಿಸಿದ್ದರಿಂದ ಇದ್ದ ಜನ ಇಮ್ಮಡಿಯಾಗಿ ಕಾಣುತ್ತಿದ್ದರು. ಗಾಜಿನ ಮೇಲುಗಡೆ ದೊಡ್ಡ ಬೋರ್ಡು, ಬೋರ್ಡಿನಲ್ಲಿ ಕೈಕಟ್ಟಿ ಎದೆಯುಬ್ಬಿಸಿ ನಿಂತ ಒಬ್ಬ ಗಂಡಸು. ಅವನೇ ಈ ಜಿಮ್ಮಿನ ಮಾಲೀಕ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಕಾಲದಿಂದ ಊರಿನವರ ಬಾಯಲ್ಲಿ ಅವನು ಬರೀ ಕೋಚ್.

"ಏನ್ ಕೋಚ್, ಕಾಲಿಡೋಕೆ ಜಾಗ ಇಲ್ವಲ್ರೀ! ದುಡ್ಡು ಎಣಿಸೋಕೆ ಮಷೀನ್ ತಂದಿದೀರೋ, ಕೈಯಲ್ಲೇ ಎಣಿಸ್ತೀರೋ?" ಎಂದು ಮೆಟ್ಟಿಲ ಬುಡದಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು.

ಕೋಚ್ ನಗುತ್ತಿದ್ದ. ನಗುವುದೂ ಅವನ ಕೆಲಸದಲ್ಲೇ ಸೇರಿತ್ತು. ನಿಜ ಏನೆಂದರೆ, ಆ ಗಾಜಿನ ಹಿಂದಿದ್ದ ಬೆನ್ನುಗಳಲ್ಲಿ ಮುಕ್ಕಾಲು ಪಾಲು ಬೆನ್ನುಗಳಿಂದ ಅವನಿಗೆ ಒಂದು ಕಾಸೂ ಹುಟ್ಟುತ್ತಿರಲಿಲ್ಲ. ಈ ತಿಂಗಳಲ್ಲ, ಮುಂದಿನ ತಿಂಗಳಲ್ಲ, ಅವರು ಬದುಕಿರುವವರೆಗೂ ಹುಟ್ಟುವ ಹಾಗಿರಲಿಲ್ಲ.

ಈ ವ್ಯಾಪಾರದ ಮರ್ಮ ಹೊರಗಿನವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಬೇರೆ ಅಂಗಡಿಗಳಲ್ಲಿ ಗಿರಾಕಿ ಬಂದರೆ ಲಾಭ, ಬಾರದಿದ್ದರೆ ನಷ್ಟ. ಜಿಮ್ಮಿನಲ್ಲಿ ಅದು ತಲೆಕೆಳಗು. ಹೊಟ್ಟೆ ಕರಗಿಸುವ ಹುಮ್ಮಸ್ಸಿನಲ್ಲಿ ಇಡೀ ವರ್ಷದ ಶುಲ್ಕ ಒಮ್ಮೆಗೇ ಕಟ್ಟಿ, ಹೊಸ ಬೂಟು ಕೊಂಡು, ಕೆಲವು ದಿನ ಬಂದು, ಮೈಕೈ ನೋವೆಂದು ಮಲಗಿ, ಆಮೇಲೆ ಈ ಮೆಟ್ಟಿಲ ಕಡೆ ತಲೆಹಾಕಿಯೂ ಮಲಗದ ಮಹಾನುಭಾವರೇ ಜಿಮ್ಮಿನವರ ಪಾಲಿನ ಅನ್ನದಾತರು. ಅವರ ದುಡ್ಡು ಇರುತ್ತದೆ, ಅವರಿರುವುದಿಲ್ಲ. ದಿನಾ ತಪ್ಪದೆ ಬರುವವನು ಕರೆಂಟು ತಿನ್ನುತ್ತಾನೆ, ನೀರು ಸುರಿಯುತ್ತಾನೆ, ಯಂತ್ರದ ಬೆಲ್ಟು ಸವೆಸುತ್ತಾನೆ. ಇಷ್ಟೂ ಕೋಚ್‌ಗೆ ಗೊತ್ತಿತ್ತು. ಗೊತ್ತಿದ್ದೇ ಎಡವಿದ.

ಜಿಮ್ಮು ತೆರೆಯುವ ಮುಂಚೆ ಯಂತ್ರದ ವ್ಯಾಪಾರಿ ಮುಂಗಡ ಕೊಡದೆ ಒಂದು ಬೋಲ್ಟನ್ನೂ ಇಳಿಸುವುದಿಲ್ಲ ಎಂದು ಪಟ್ಟುಹಿಡಿದ. ಕೈಯಲ್ಲಿದ್ದದ್ದು ನೆಲದ ರಬ್ಬರಿಗೇ ಮುಗಿದಿತ್ತು. ಆಗ ಕೋಚ್‌ಗೆ ಒಂದು ಉಪಾಯ ಹೊಳೆಯಿತು. ಒಂದೇ ಸಲ ಒಂದು ದಪ್ಪ ಮೊತ್ತ ಕಟ್ಟಿ, ಜೀವನಪರ್ಯಂತ ಬನ್ನಿ! ವರ್ಷದ ದುಡ್ಡು ಕಟ್ಟಿದವರೇ ಹದಿನೈದು ದಿನಕ್ಕೆ ಮಾಯವಾಗುವಾಗ ಜೀವನಪರ್ಯಂತದವರು ಇನ್ನೆಷ್ಟು ದಿನ ಬಂದಾರು ಎಂಬುದು ಅವನ ಲೆಕ್ಕ. ಜನ ಮುಗಿಬಿದ್ದು ಕಟ್ಟಿದರು, ಯಂತ್ರಗಳು ಬಂದವು. ಕೋಚ್ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಆದರೆ ಅಷ್ಟು ದೊಡ್ಡ ಗಂಟನ್ನು ಒಮ್ಮೆಗೇ ಬಿಚ್ಚುವವರು ಯಾರು? ಪೈಸೆ ಪೈಸೆಗೆ ಲೆಕ್ಕ ಹಾಕುವವರು. ಅಂಥವರು ಕೊಟ್ಟಿದ್ದನ್ನು ವಸೂಲಿ ಮಾಡದೆ ಬಿಡುತ್ತಾರೆಯೇ? ಚಳಿಯಲ್ಲೂ ಬಂದರು, ಮಳೆಯಲ್ಲೂ ಬಂದರು, ಮನೆಯಲ್ಲಿ ನೆಂಟರಿದ್ದರೂ ಬಂದರು. ಕೆಲವರು ಬಿಸಿನೀರಿನ ಸ್ನಾನವನ್ನೂ ಇಲ್ಲೇ ಮುಗಿಸಿಕೊಂಡು ಮನೆಯ ಕರೆಂಟು ಉಳಿಸಿದರು. ಅದಕ್ಕಿಂತ ದೊಡ್ಡ ಎಡವಟ್ಟೆಂದರೆ ಕೋಚ್ ನಿಜಕ್ಕೂ ಒಳ್ಳೆಯ ಕೋಚ್. ಅವನ ಕೈಕೆಳಗೆ ಮಂಡಿ ಹಿಡಿದವರು ಓಡಿದರು, ಏದುಸಿರು ಬಿಡುತ್ತಿದ್ದವರು ಭಾರ ಎತ್ತಿದರು. ಎದೆನೋವೆಂದು ಹಿಡಿಯಷ್ಟು ಮಾತ್ರೆ ನುಂಗುತ್ತಾ ಬಂದಿದ್ದ ನಿವೃತ್ತ ಹೆಡ್ಮೇಷ್ಟ್ರು ಈಗ ಮಾತ್ರೆ ಬಿಟ್ಟು, ಹರೆಯದವರ ಜೊತೆ ಪೈಪೋಟಿಗೆ ಬಿದ್ದು ಸೈಕಲ್ ತುಳಿಯುತ್ತಿದ್ದರು.

"ಕೋಚ್, ಡಾಕ್ಟ್ರು ಹೇಳಿದ್ರು, ಇನ್ನೂ ಇಪ್ಪತ್ತು ವರ್ಷಕ್ಕೆ ನಂಗೇನೂ ಆಗಲ್ವಂತೆ. ಎಲ್ಲಾ ನಿಮ್ಮ ಪುಣ್ಯ!" ಎಂದು ಅವರು ಒಮ್ಮೆ ಕಣ್ಣು ತುಂಬಿಕೊಂಡು ಕೈಹಿಡಿದಾಗ ಕೋಚ್‌ಗೂ ಕಣ್ಣು ತುಂಬಿತು. ಇಪ್ಪತ್ತು ವರ್ಷವೇ ಎಂದು ಒಳಗೆ ಯಾರೋ ಕುಸಿದು ಕೂತ ಹಾಗೂ ಆಯಿತು. ಆ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯೆನಿಸಿತು.

ಯೋಜನೆಯನ್ನು ಅವನು ಯಾವತ್ತೋ ನಿಲ್ಲಿಸಿದ್ದ. ಆದರೂ ಹೊಸದಾಗಿ ವಿಚಾರಿಸಲು ಬಂದವರು ಹಳಬರ ಬಾಯಿಂದ ಸುದ್ದಿ ಕೇಳಿ, ನಮಗೂ ಜೀವನಪರ್ಯಂತದ್ದೇ ಕೊಡಿ ಎಂದು ಜಗ್ಗಾಡತೊಡಗಿದರು. ಒಂದು ಸಂಜೆ ಕೋಚ್ ಹಳಬರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಕೈಮುಗಿದ.

"ನನ್ನ ಹೊಟ್ಟೆಪಾಡು ನೋಡ್ರಪ್ಪಾ. ಯಾರೇ ಹೊಸಬರು ಬಂದು ಕೇಳಲಿ, ತಿಂಗಳು ತಿಂಗಳು ಕಟ್ತೀವಿ, ಖುಷಿಯಿಂದ ಕಟ್ತೀವಿ ಅಂತ ಹೇಳಿಬಿಡಿ. ಹಳೇ ಸ್ಕೀಮಿನ ಮಾತು ನಿಮ್ಮ ಬಾಯಲ್ಲಿ ಬರಬಾರದು."

"ಅಷ್ಟೇ ತಾನೆ? ನಿಮಗೋಸ್ಕರ ಅಷ್ಟೂ ಮಾಡಲ್ವಾ?" ಎಂದರು ಹೆಡ್ಮೇಷ್ಟ್ರು. ಉಳಿದವರೂ ತಲೆಯಾಡಿಸಿದರು. ಮಾತಿಗೆ ತಪ್ಪುವ ಜನವಲ್ಲ ಅವರು. ಅಂದಿನಿಂದ ಯಾರೇ ಅಪರಿಚಿತ ಒಳಗೆ ಬಂದರೂ ಇಡೀ ಜಿಮ್ಮು ಒಂದೇ ರಾಗದಲ್ಲಿ ಹಾಡುತ್ತಿತ್ತು.

ಇನ್ನು ಹೊರಗಿನ ಠೀವಿಯ ಮಾತು. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಪ್ರೋಟೀನ್ ಪುಡಿಯ ಡಬ್ಬಗಳೆಲ್ಲ ಖಾಲಿ. ಕೆಳಗೆ ನಿಂತಿರುತ್ತಿದ್ದ ಕಪ್ಪು ಕಾರು ಕಂತಿನದು. ನಡೆದು ಬರುವ ಕೋಚ್‌ನ ಜಿಮ್ಮಿಗೆ ಯಾರು ಸೇರುತ್ತಾರೆ ಎಂದು ತೆಗೆದುಕೊಂಡದ್ದು, ಈಗ ಪೆಟ್ರೋಲಿಗೆ ಕಾಸಿಲ್ಲದೆ ಬಹುತೇಕ ಅಲ್ಲೇ ನಿಂತಿರುತ್ತಿತ್ತು. ಮೂಲೆಯ ಎರಡು ಟ್ರೆಡ್‌ಮಿಲ್ಲು ಕೆಟ್ಟು ಕೂತಿದ್ದವು, ಅವುಗಳ ಮೇಲೆ ಟವೆಲು ಹರವಿ ಯಾರೋ ಈಗಷ್ಟೇ ಇಳಿದುಹೋದ ಹಾಗೆ ಮಾಡಿಟ್ಟಿದ್ದ. ಎಲ್ಲಕ್ಕಿಂತ ದುಬಾರಿ ಜಾಹೀರಾತೆಂದರೆ ಅವನ ಮೈ. ಅದು ಬಾಡುವಂತಿಲ್ಲ. ಮನೆಯಲ್ಲಿ ಮೊಟ್ಟೆಗಳೆಲ್ಲ ಅವನ ತಟ್ಟೆಗೆ ಹೋಗುತ್ತಿದ್ದವು, ಹೆಂಡತಿ ಟೀಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದಳು.

"ನೀವು ತಿನ್ನಿ. ನಿಮ್ಮ ತೋಳು ಇಳಿದ್ರೆ ನಮ್ಮ ಅಂಗಡಿಯ ಬೋರ್ಡೇ ಇಳಿದ ಹಾಗೆ," ಎಂದು ನಗಿಸುತ್ತಿದ್ದಳು. ಅವಳು ಜಿಮ್ಮಿನ ಬಾಗಿಲ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದಳು. ಕುತ್ತಿಗೆ, ಕಿವಿ, ಕೈ ಎಲ್ಲ ಬೋಳಾಗಿದ್ದವು. ಕೇಳಿದವರಿಗೆ, ಜಿಮ್ಮಿನಲ್ಲಿ ಒಡವೆ ಹಾಕ್ಕೊಂಡ್ರೆ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತೆ ಎನ್ನುತ್ತಿದ್ದಳು.

ಕಟ್ಟಡದ ಯಜಮಾನರು ಕೆಳಗಿನ ಬಣ್ಣದಂಗಡಿಯವರು. ಜಿಮ್ಮಿನ ಬಾಡಿಗೆ ಅದೆಷ್ಟೋ ತಿಂಗಳಿಂದ ಬಾಕಿ ನಿಂತಿತ್ತು. ಅವರು ಕೂಗಾಡುವ ಮನುಷ್ಯರಲ್ಲ. ಬಣ್ಣದ ಡಬ್ಬದ ಮುಚ್ಚಳವನ್ನು ಸ್ಕ್ರೂಡ್ರೈವರಿನಲ್ಲಿ ಮೀಟುತ್ತಾ, ತಲೆಯೆತ್ತದೆ ಮಾತಾಡುತ್ತಿದ್ದರು.

"ನೋಡಪ್ಪಾ, ನನ್ನ ತಲೆ ಮೇಲೇ ಇಡೀ ಊರು ಕುಣೀತಿದೆ. ಸುಣ್ಣ ಉದುರಿ ನನ್ನ ಬಣ್ಣದ ಡಬ್ಬಕ್ಕೇ ಬೀಳುತ್ತೆ. ಇಷ್ಟು ಜನ ಬಂದ್ರೂ ಬಾಡಿಗೆಗೆ ದುಡ್ಡಿಲ್ಲ ಅಂದ್ರೆ ಯಾರ ಕಿವಿಗೆ ಹೂವಿಡ್ತೀಯ? ಈ ತಿಂಗಳ ಕೊನೆ ನೋಡ್ತೀನಿ. ಆಮೇಲೆ ಬಾಗಿಲಿಗೆ ನನ್ನ ಬೀಗ."

ಬೀಗ ಬಿದ್ದರೆ ಬರೀ ಅಂಗಡಿ ಹೋಗುವುದಿಲ್ಲ. ಜೀವನಪರ್ಯಂತದವರೆಲ್ಲ ಮನೆಬಾಗಿಲಿಗೆ ಬಂದು, ನಾವಿನ್ನೂ ಬದುಕಿದ್ದೀವಿ, ನಮ್ಮ ದುಡ್ಡು ವಾಪಸ್ ಕೊಡಿ ಎನ್ನುತ್ತಾರೆ. ಕೋಚ್ ಯಾವ ಕಡೆ ತಿರುಗಿದರೂ ಗೋಡೆ.

ಇಂಥ ಹೊತ್ತಿನಲ್ಲಿ ಅವನ ಭಾವಮೈದ ಬಂದ.

ಭಾವಮೈದ ಎಂದರೆ ಹೆಂಡತಿಯ ಒಬ್ಬನೇ ತಮ್ಮ. ಪಾತ್ರೆಯ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿಗೆ ತಗಡು ಕೊಡುತ್ತಿದ್ದವನು. ಹೋದ ವರ್ಷ ಆ ಮಷೀನು ತಗಡಿನ ಜೊತೆ ಅವನ ಬಲಗೈಯ ಬೆರಳುಗಳನ್ನೂ ಒತ್ತಿಬಿಟ್ಟಿತು. ಹೆಬ್ಬೆರಳೊಂದು ಉಳಿಯಿತು. ತಿಂಗಳುಗಟ್ಟಲೆ ಅಲೆದಾಡಿದ ಮೇಲೆ ಪರಿಹಾರದ ದುಡ್ಡು ಕೈಗೆ ಬಂದಿತ್ತು. ಹೆಂಡತಿ ಮಗಳನ್ನು ಕಟ್ಟಿಕೊಂಡು ಬಾಡಿಗೆ ಮನೆಯಲ್ಲಿದ್ದ ಅವನಿಗೆ ಇನ್ನು ಮಷೀನಿನ ಕೆಲಸ ಯಾರೂ ಕೊಡುವುದಿಲ್ಲ. ಉಳಿದ ಆಯಸ್ಸಿಗೆಲ್ಲ ಅದೇ ದುಡ್ಡು.

"ಭಾವ, ಒಂದು ಮಾತು. ನಗಬಾರ್ದು," ಎಂದ ಅವನು, ಜಿಮ್ಮಿನ ಮೂಲೆಯ ಬೆಂಚಿನ ಮೇಲೆ ಕೂತು. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. "ಇಲ್ಲಿ ಜನ ಹಿಡಿಸ್ತಿಲ್ಲ. ಮೇಲಿನ ಮಹಡಿ ಖಾಲಿ ಇದೆ. ನನ್ನ ದುಡ್ಡು ಹಾಕಿ. ಎರಡನೇ ಬ್ರಾಂಚು ತೆಗೆಯೋಣ. ಮೇಲಿನದನ್ನ ನಾನು ನೋಡ್ಕೋತೀನಿ. ಬಾಗಿಲಲ್ಲಿ ನಿಂತು ಬನ್ನಿ ಅನ್ನೋಕೆ ಬೆರಳು ಬೇಕಾಗಲ್ಲ ಅಲ್ವಾ?"

ತಾನೇ ನಗಬಾರದು ಎಂದವನು ತಾನೇ ನಕ್ಕ. ಕೋಚ್ ಒಳಗೇ ಲೆಕ್ಕ ಹಾಕಿದ. ಆ ದುಡ್ಡಿನಲ್ಲಿ ಬಾಡಿಗೆಯ ಬಾಕಿ ತೀರುತ್ತದೆ, ಕಾರಿನ ಕಂತು ತೀರುತ್ತದೆ, ಕೆಟ್ಟ ಟ್ರೆಡ್‌ಮಿಲ್ಲೂ ಓಡುತ್ತವೆ. ಆಮೇಲೆ? ಆಮೇಲಿನದನ್ನು ಆಮೇಲೆ ನೋಡಿದರಾಯಿತು ಎಂದು ಮನಸ್ಸು ಪಿಸುಗುಟ್ಟಿತು. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಟೀ ತರಿಸಿ ಕುಡಿಸಿ ಕಳಿಸಿದ.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಿದಳು.

"ನೀವೇನಂದ್ರಿ?"

"ಏನೂ ಅನ್ನಲಿಲ್ಲ."

"ಯಾಕೆ ಅನ್ನಲಿಲ್ಲ?"

ಅವನು ಮಡಚಿಟ್ಟಿದ್ದ ಬಟ್ಟೆಯೊಂದನ್ನು ಎತ್ತಿ ಮತ್ತೆ ಮಡಚತೊಡಗಿದ. ಅವಳಿಗೆ ಅರ್ಥವಾಯಿತು. ಇಷ್ಟು ವರ್ಷ ಒಂದು ದಿನವೂ ಗಂಡನ ಮೇಲೆ ದನಿಯೆತ್ತದವಳು ಅಂದು ಎತ್ತಿದಳು.

"ನನ್ನ ಓಲೆ ತಗೊಂಡ್ರಿ, ಸರ ತಗೊಂಡ್ರಿ, ನಾನು ಕೇಳಿದ್ನಾ? ಅದು ಬಂಗಾರ, ಹೋದ್ರೆ ಹೋಗ್ಲಿ. ಇದು ಅವನ ಕೈ ಕಣ್ರೀ. ಅವನ ಬೆರಳು ಮಾರಿ ಬಂದಿರೋ ದುಡ್ಡು. ಅದನ್ನ ಮುಟ್ಟಿದ್ರೆ ನಾನು ಈ ಮನೆಯಲ್ಲಿ ಇರಲ್ಲ. ನಾಳೆನೇ ಇರೋ ವಿಷಯ ಬಿಡಿಸಿ ಹೇಳ್ಬಿಡಿ."

"ಮಾನ ಹೋಗುತ್ತಲ್ಲೇ."

"ಹೋಗ್ಲಿ. ಅವನೇನು ಹೊರಗಿನವನಾ? ಅವನೆದುರು ಹೋದ ಮಾನ ಮನೆಯಲ್ಲೇ ಇರುತ್ತೆ."

ಅಷ್ಟೂ ಹೇಳಿ ಅವಳು ಅತ್ತಳು. ಕೋಚ್‌ಗೆ ನಾಚಿಕೆಯಾಯಿತು, ಜೊತೆಗೆ ಎಷ್ಟೋ ದಿನದಿಂದ ಹೊತ್ತಿದ್ದ ಭಾರ ಇಳಿದಂತೆಯೂ ಆಯಿತು. ಸರಿ, ಹೇಳಿಬಿಡುತ್ತೇನೆ ಎಂದ. ಮನಸ್ಸಿನಿಂದಲೇ ಹೇಳಿದ ಮಾತದು.

ಮರುದಿನ ಸಂಜೆ ಭಾವಮೈದನನ್ನು ಕರೆಸಿಕೊಂಡ. ಒಳಗೆ ಜನ ಕಿಕ್ಕಿರಿದಿದ್ದರು. ಬೇರೆ ಹೊತ್ತಿನಲ್ಲಿ ಕರೆಸಿದ್ದರೆ ಚೆನ್ನಾಗಿತ್ತು, ಆದರೆ ಕೋಚ್‌ನ ಯೋಚನೆ ಬೇರೆ. ತುಂಬಿದ ಜಿಮ್ಮನ್ನೇ ತೋರಿಸಿ, ಇವರಾರೂ ದುಡ್ಡು ಕೊಡುವವರಲ್ಲ ಎಂದರೆ ಒಂದೇ ಏಟಿಗೆ ತಿಳಿಯುತ್ತದೆ ಎಂದುಕೊಂಡಿದ್ದ. ಹಾಡನ್ನು ಸ್ವಲ್ಪ ತಗ್ಗಿಸಿ ಎಲ್ಲವನ್ನೂ ಬಿಚ್ಚಿಟ್ಟ. ಬಾಡಿಗೆ, ಕಂತು, ಅಕ್ಕನ ಒಡವೆ, ಜೀವನಪರ್ಯಂತದ ಯೋಜನೆ, ಯಾವುದನ್ನೂ ಮುಚ್ಚಿಡಲಿಲ್ಲ. ಕಪಾಟಿನಿಂದ ಒಂದು ಡಬ್ಬ ತೆಗೆದು ಖಾಲಿ ತಳ ತೋರಿಸಿದ.

ಭಾವಮೈದ ಡಬ್ಬದೊಳಗೆ ಇಣುಕಿದ. ಆಮೇಲೆ ಸುತ್ತ ನೋಡಿದ. ಯಂತ್ರಕ್ಕಾಗಿ ಸಾಲುಗಟ್ಟಿ ನಿಂತವರು, ಕನ್ನಡಿಯಲ್ಲಿ ಮತ್ತೊಂದಷ್ಟು ಜನ.

"ತಮಾಷೆ ಮಾಡ್ಬೇಡಿ ಭಾವ. ಇಷ್ಟು ಜನ ಪುಕ್ಕಟೆ ಬರ್ತಾರಾ?"

"ಪುಕ್ಕಟೆ ಅಲ್ಲ, ಯಾವಾಗಲೋ ಕೊಟ್ಟಿದಾರೆ. ನಂಬಿಕೆ ಇಲ್ವಾ? ಯಾರನ್ನ ಬೇಕಾದ್ರೂ ಕೇಳು. ಹೋಗು, ನೀನೇ ಕೇಳು."

ಭಾವಮೈದ ಎದ್ದುಹೋಗಿ ಸೈಕಲ್ ತುಳಿಯುತ್ತಿದ್ದ ಹೆಡ್ಮೇಷ್ಟ್ರ ಪಕ್ಕ ನಿಂತ. ಆ ಕ್ಷಣ ಕೋಚ್‌ಗೆ ಏನೋ ನೆನಪಾಯಿತು. ಎದ್ದು ಎರಡು ಹೆಜ್ಜೆ ಹಾಕುವಷ್ಟರಲ್ಲಿ ಹೊತ್ತು ಮೀರಿತ್ತು.

"ಸಾರ್, ಇಲ್ಲಿ ದುಡ್ಡು ಹೇಗೆ ಕಟ್ತೀರಾ?"

ಹೆಡ್ಮೇಷ್ಟ್ರು ಪೆಡಲು ನಿಲ್ಲಿಸಿದರು. ಎದುರಿಗೆ ಹೊಸ ಮುಖ. ಆಚೆ ಕೋಚ್ ಆತಂಕದಿಂದ ನೋಡುತ್ತಿದ್ದಾನೆ. ಅವರ ಮುಖ ಅರಳಿತು.

"ತಿಂಗಳು ತಿಂಗಳು ಕಟ್ತೀನಪ್ಪಾ! ಒಂದು ತಿಂಗಳೂ ತಪ್ಪಿಲ್ಲ. ಕಟ್ಟೋವಾಗ ಒಂದು ಚೂರೂ ಬೇಜಾರಾಗಲ್ಲ. ನನ್ನ ಪೆನ್ಷನ್ನಿನಲ್ಲಿ ಮೊದಲು ಕೋಚ್ ಪಾಲು, ಆಮೇಲೆ ಮನೆ ಪಾಲು."

"ಮೇಷ್ಟ್ರೇ," ಎಂದ ಕೋಚ್ ಹತ್ತಿರ ಬಂದು. "ಇವನು ನನ್ನ ಭಾವಮೈದ. ಇವನಿಗೆ ನಿಜ ಹೇಳಿ."

"ನಿಜವನ್ನೇ ಹೇಳ್ತಿದೀನಿ!" ಹೆಡ್ಮೇಷ್ಟ್ರು ಕೋಚ್‌ಗೆ ಮಾತ್ರ ಕಾಣುವ ಹಾಗೆ ಕಣ್ಣು ಮಿಟುಕಿಸಿದರು. ಎಂಥ ನಾಟಕ ಆಡ್ತೀರ ಎಂಬ ಮೆಚ್ಚುಗೆ ಆ ಕಣ್ಣಲ್ಲಿತ್ತು. ಪಕ್ಕದಲ್ಲಿ ಡಂಬೆಲ್ಸ್ ಎತ್ತುತ್ತಿದ್ದವನೂ ದನಿಗೂಡಿಸಿದ. "ನಾನೂ ಅಷ್ಟೇ. ಹೋದ ವಾರ ತಾನೆ ಕಟ್ಟಿದೆ. ಬೇಗ ಸೇರ್ಕೊಳಿ, ಜಾಗ ಸಿಗಲ್ಲ." ಅವನಾಚೆಯವನೂ ಹೂಂ ಎಂದ. ಕೋಚ್‌ನ ಮೇಲೆ ಅವರಿಗಿದ್ದ ಪ್ರೀತಿಯೆಲ್ಲ ಒಟ್ಟಾಗಿ ಬಂದು ಅವನ ಬಾಯಿ ಮುಚ್ಚಿಸಿತು.

"ಸುಳ್ಳು ಕಣಯ್ಯಾ, ನಾನೇ ಇವರಿಗೆಲ್ಲ ಹೀಗೆ ಹೇಳಿ ಅಂತ ಹೇಳ್ಕೊಟ್ಟಿದೀನಿ!" ಎಂದು ಕೋಚ್ ಕೂಗಿದ. ಕೂಗಿದ್ದು ಅವನ ಕಿವಿಗೇ ಹುಚ್ಚನ ಮಾತಿನಂತೆ ಕೇಳಿಸಿತು. ಎಲ್ಲರೂ ನಕ್ಕರು. ಕೋಚ್ ಇವತ್ತು ಒಳ್ಳೆಯ ಹುಮ್ಮಸ್ಸಿನಲ್ಲಿದ್ದಾನೆ ಎಂದುಕೊಂಡರು.

ಭಾವಮೈದ ಮಾತ್ರ ನಗಲಿಲ್ಲ. ಕೋಚ್‌ನನ್ನು ಮೆಟ್ಟಿಲ ಕಡೆ ಕರೆದುಕೊಂಡು ಹೋಗಿ, ಜೇಬಿನಿಂದ ಬಲಗೈ ಹೊರಗೆ ತೆಗೆದ.

"ಇದಕ್ಕೇ ತಾನೆ ಭಾವ? ಇಂಥ ಕೈಯವನು ಬಾಗಿಲಲ್ಲಿ ನಿಂತ್ರೆ, ಗಟ್ಟಿಮುಟ್ಟಾಗಬೇಕು ಅಂತ ಬರೋ ಜನ ಮುಖ ತಿರುಗಿಸ್ತಾರೆ ಅಂತ ತಾನೆ? ನೇರವಾಗಿ ಹೇಳಿದ್ರೆ ನಂಗೇನೂ ಬೇಜಾರಾಗ್ತಿರಲಿಲ್ಲ. ಇಷ್ಟು ದೊಡ್ಡ ಕಥೆ ಕಟ್ಟೋ ಅಗತ್ಯ ಇರಲಿಲ್ಲ."

"ಅಯ್ಯೋ, ನಿನ್ನ ಅಕ್ಕನ ಆಣೆಗೂ..."

"ಅಕ್ಕನ ಆಣೆ ಇಡ್ಬೇಡಿ." ಅವನು ಇಳಿದುಹೋದ.

ಆ ರಾತ್ರಿ ಅಕ್ಕ ಫೋನು ಮಾಡಿದರೂ ಅವನು ಎತ್ತಲಿಲ್ಲ. ಎರಡು ದಿನ ಬಿಟ್ಟು ಮನೆಗೇ ಹೋದಳು. ತಮ್ಮ ಇರಲಿಲ್ಲ, ಅವನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಒಂದೆರಡು ಮಾತಾಡಿ ಕಳಿಸಿದಳು. ವಾಪಸು ಬಂದವಳ ಮುಖದಲ್ಲಿ ನೋವಿದ್ದರೂ, ಗಂಡನಿಗೆ ಧೈರ್ಯ ಹೇಳಿದಳು.

"ಬಿಡಿ. ಕೋಪ ಇವತ್ತಿರುತ್ತೆ, ನಾಳೆ ಹೋಗುತ್ತೆ. ದುಡ್ಡು ಅವನ ಹತ್ರ ಉಳೀತಲ್ಲ, ನಂಗೆ ಅಷ್ಟೇ ಸಾಕು."

ಕೋಚ್‌ಗೂ ಹಾಗೇ ಅನಿಸಿತ್ತು. ತಿಂಗಳ ಕೊನೆಗೆ ಬೀಗ ಬೀಳಲಿ, ಜನ ಮನೆಬಾಗಿಲಿಗೆ ಬರಲಿ, ತನ್ನ ಮರ್ಯಾದೆ ಬೀದಿ ಪಾಲಾಗಲಿ, ಆ ಒಂದು ಪಾಪ ತನ್ನ ತಲೆಗೆ ಬರಲಿಲ್ಲ ಎಂಬ ಸಮಾಧಾನವಿತ್ತು. ಆ ದಿನಗಳಲ್ಲಿ ಅವನು ನಿಜಕ್ಕೂ ಹಗುರಾಗಿದ್ದ. ಹೆಂಡತಿಗೆ ಬಲವಂತದಿಂದ ಒಂದು ಮೊಟ್ಟೆ ತಿನ್ನಿಸಿದ.

ತಿಂಗಳು ಮುಗಿಯಲು ಬಂತು. ಕೋಚ್ ಬೀಗಕ್ಕೆ ಸಿದ್ಧನಾಗಿಯೇ ಬಣ್ಣದಂಗಡಿಯ ಮುಂದೆ ಹಾದ. ಯಜಮಾನರು ಸ್ಕ್ರೂಡ್ರೈವರ್ ಕೆಳಗಿಟ್ಟು, ಎಂದೂ ಇಲ್ಲದ ಹಾಗೆ ತಲೆಯೆತ್ತಿ ನಕ್ಕರು.

"ಬಾರಪ್ಪಾ, ಟೀ ಕುಡಿ. ಇನ್ನು ನಿಂದೂ ನಂದೂ ಲೆಕ್ಕ ಚುಕ್ತಾ."

"ಯಾವ ಲೆಕ್ಕ ಯಜಮಾನ್ರೇ?"

"ಹಳೇ ಬಾಕಿ. ನಿನ್ನ ಭಾವಮೈದ ಬಂದು ಕಟ್ಟಿಹೋದ್ನಲ್ಲ! ಮೇಲಿನ ಮಹಡಿ ಬೇಕು, ಮುಂಗಡ ಹಿಡ್ಕೊಳಿ, ಭಾವನ ಹೆಸರಲ್ಲೇ ಬರ್ಕೊಳಿ, ಅವರಿಗೆ ಈಗಲೇ ಹೇಳ್ಬೇಡಿ ಅಂದ. ನಿನ್ನ ಹೆಸರಲ್ಲಿ ದುಡ್ಡು ಬಂತು, ನಿನ್ನ ಹೆಸರಲ್ಲಿ ಬಾಕಿ ಇತ್ತು. ಇದಕ್ಕದು ವಜಾ ಮಾಡ್ಕೊಂಡೆ."

ಕೋಚ್ ಅಂಗಡಿಯ ಮರದ ಸ್ಟೂಲನ್ನು ಹಿಡಿದುಕೊಂಡ.

"ಅದು ಅವನ ದುಡ್ಡು ಯಜಮಾನ್ರೇ. ವಾಪಸ್ ಕೊಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ. ನಂಗೆ ಬೇಕಾದ್ರೆ ಇವತ್ತೇ ಬೀಗ ಹಾಕಿ."

"ದುಡ್ಡು ನನ್ನ ಹತ್ರ ಎಲ್ಲಿದೆ? ಬಣ್ಣದ ಕಂಪನಿಗೆ ನಾನೂ ಬಾಕಿ ಇದ್ದೆ, ಅವತ್ತೇ ಹೋಯ್ತು." ಯಜಮಾನರ ನಗು ಸ್ವಲ್ಪ ಮಾಸಿತು. "ಇಷ್ಟು ದೊಡ್ಡ ಜಿಮ್ಮು ನಡೆಸ್ತೀಯ, ಅವನಿಗೆ ನೀನೇ ಕೊಡು. ನಿಮ್ಮ ನಿಮ್ಮೊಳಗಿನ ವಿಷಯ."

"ಬಾಕಿ ಇದೆ ಅಂತ ಅವನಿಗೆ ಹೇಳಿದ್ರಾ?"

"ಅವನು ಕೇಳಲಿಲ್ಲ, ನಾನು ಹೇಳಲಿಲ್ಲ." ಅವರು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡರು. "ಆ ಮೇಲಿನ ಮಹಡಿ ಬೇಕಿದ್ರೆ ಹೊಸದಾಗಿ ಮುಂಗಡ ಕೊಡಬೇಕಾಗುತ್ತೆ. ಪಾಪ, ಹುಡುಗ ಬೀಗದಕೈ ಕೇಳಿದ, ನೋಡ್ಕೊಂಡು ಬರಲಿ ಅಂತ ಕೊಟ್ಟಿದೀನಿ. ಮೇಲೇ ಇದಾನೆ."

ಕೋಚ್ ಮೆಟ್ಟಿಲು ಹತ್ತಿದ. ಮೊದಲ ಮಹಡಿಯ ಬಾಗಿಲಲ್ಲಿ ಹೆಂಡತಿ ಮೇಜಿನ ಹಿಂದೆ ಕೂತಿದ್ದಳು. ಗಂಡನ ಮುಖ ನೋಡಿ ಎದ್ದು ನಿಂತಳು. "ಬೀಗನಾ?" ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಮುಖ ತಿಳಿಯಾಗುವುದನ್ನು ನೋಡಲಾಗದೆ ಮುಂದಕ್ಕೆ ಹತ್ತಿದ.

ಎರಡನೇ ಮಹಡಿಯಲ್ಲಿ ಧೂಳಿನ ವಾಸನೆ. ಖಾಲಿ ಹಜಾರದ ನಡುವೆ ಭಾವಮೈದ ಮಂಡಿಯೂರಿ ಕೂತಿದ್ದ. ಅಳತೆ ಟೇಪಿನ ಡಬ್ಬಿಯನ್ನು ಬಲಗೈಯ ಹೆಬ್ಬೆರಳಿನಿಂದ ತೊಡೆಗೆ ಒತ್ತಿ ಹಿಡಿದು, ಎಡಗೈಯಲ್ಲಿ ಟೇಪು ಎಳೆಯಲು ಹೆಣಗುತ್ತಿದ್ದ. ಸ್ವಲ್ಪ ಎಳೆದರೆ ಡಬ್ಬಿ ಜಾರುತ್ತಿತ್ತು, ಟೇಪು ಸರ್ರನೆ ಒಳಗೆ ಹೋಗುತ್ತಿತ್ತು. ಮತ್ತೆ ಮೊದಲಿಂದ ಎಳೆಯುತ್ತಿದ್ದ. ಅವನ ಶರಟಿನ ಬೆನ್ನು ತೊಯ್ದಿತ್ತು.

ಹೆಜ್ಜೆ ಸದ್ದಿಗೆ ತಿರುಗಿ, ಸಿಕ್ಕಿಬಿದ್ದವನಂತೆ ನಾಚಿಕೊಂಡ.

"ಯಜಮಾನ್ರು ಬಾಯಿಬಿಟ್ರಾ? ಹೇಳ್ಬೇಡಿ ಅಂದಿದ್ದೆ." ಎದ್ದು ಬಂದು ಕೋಚ್‌ನ ತೋಳು ಹಿಡಿದ. "ಭಾವ, ಅವತ್ತು ಏನೇನೋ ಅಂದ್ಬಿಟ್ಟೆ. ಮನೆಗೆ ಹೋಗಿ ಮಲಗಿದಾಗ ಹೊಳೀತು. ನಿಮಗೆ ನನ್ನ ಕೈ ಬಗ್ಗೆ ಅಸಹ್ಯ ಇಲ್ಲ. ನನ್ನ ದುಡ್ಡು ಎಲ್ಲಿ ಹೋಗಿಬಿಡುತ್ತೋ ಅಂತ ನಿಮಗೆ ಭಯ. ಅದಕ್ಕೆ ಆ ಸುಳ್ಳೆಲ್ಲ ಹೇಳಿದ್ರಿ. ಸ್ವಂತ ಅಣ್ಣನೂ ಇಷ್ಟು ಯೋಚನೆ ಮಾಡ್ತಿರಲಿಲ್ಲ."

"ಸುಳ್ಳಲ್ಲ ಕಣೋ," ಎಂದ ಕೋಚ್. "ಆ ದುಡ್ಡು..."

"ದುಡ್ಡಿನ ಮಾತು ಸಾಕು. ಕೊಟ್ಟಾಯ್ತು, ಮುಗೀತು. ನನ್ನ ಮಗಳಿಗೂ ಹೇಳ್ಬಿಟ್ಟಿದೀನಿ, ಅಪ್ಪ ಇನ್ಮೇಲೆ ಮಾವನ ಜೊತೆ ಅಂತ. ಎಷ್ಟು ದಿನ ಆದ್ಮೇಲೆ ಮಗು ನನ್ನ ಈ ಕೈ ಹಿಡ್ಕೊಂಡ್ಳು ಗೊತ್ತಾ? ಇಷ್ಟು ದಿನ ಹೆದರ್ತಿದ್ಳು." ಅವನು ನೆಲಕ್ಕೆ ಕಿವಿಗೊಟ್ಟವನಂತೆ ತಲೆ ಬಾಗಿಸಿದ. ಕೆಳಗೆ ಸಂಜೆಯ ಜನ ಸೇರತೊಡಗಿದ್ದರು. ಭಾರ ಬೀಳುವ ಸದ್ದು ಕಾಲ ಕೆಳಗೆ ಕೇಳುತ್ತಿತ್ತು, ನಡುನಡುವೆ ಹೆಡ್ಮೇಷ್ಟ್ರ ನಗು. "ಕೇಳಿ ಭಾವ, ಎಷ್ಟು ಜನ! ಬನ್ನಿ, ಆ ತುದಿ ಹಿಡ್ಕೊಳಿ. ಒಬ್ಬನ ಕೈಲಿ ಆಗ್ತಿಲ್ಲ. ಕನ್ನಡಿ ಈ ಗೋಡೆಗೇ ಬರಲಿ, ಜನ ಡಬಲ್ ಕಾಣ್ತಾರೆ."

ಬಾಗಿಲ ಬಳಿ ಸದ್ದಾಯಿತು. ಗಂಡನ ಹಿಂದೆಯೇ ಹತ್ತಿ ಬಂದ ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ತಮ್ಮನನ್ನು ನೋಡಿದಳು, ಅವನ ಕೈಯಲ್ಲಿದ್ದ ಟೇಪು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಕ್ಕಾ! ಬಾ ಬಾ, ಒಳಗೆ ಬಾ," ಎಂದು ತಮ್ಮ ಬೆರಳಿಲ್ಲದ ಕೈಯನ್ನು ಮರೆತು ಎತ್ತಿ ಬೀಸಿದ. ಆಮೇಲೆ ಟೇಪಿನ ತುದಿಯನ್ನು ಭಾವನ ಕಡೆ ಚಾಚಿದ.

ಕೋಚ್ ಆ ತುದಿಯನ್ನು ಹಿಡಿದುಕೊಂಡ. ಹಿಡಿದು, ಗೋಡೆಯ ಆ ಕೊನೆಗೆ ನಡೆದು, ಹೆಬ್ಬೆರಳಿನಿಂದ ಒತ್ತಿ ನಿಂತ. ಈ ಕಡೆಯಿಂದ ಭಾವಮೈದ ಅಳತೆಯನ್ನು ಜೋರಾಗಿ ಓದಿ ಹೇಳಿ, ಸರಿಯಾಗಿದೆಯಾ ಭಾವ ಎಂದು ಕೇಳಿದ. ಹೆಂಡತಿ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

"ಸರಿಯಾಗಿದೆ," ಎಂದ ಕೋಚ್.